ಗೇಜು ಕಡ್ಡಿಯಲ್ಲಿ ಏರಿದ ಎಣ್ಣೆ

ಕೊಡಿಗೇನಹಳ್ಳಿಯ ಕೊಲ್ಲಾಪುರಮ್ಮ ಹುಟ್ಟಾ ಅಂಜುಬುರುಕಿ. ಇದನ್ನು ಬೇರೆಯವರಿಗಿಂತ ಮೊದಲು ಅವಳೇ ಹೇಳಿಕೊಳ್ಳುತ್ತಾಳೆ. ಕುಕ್ಕರ್ ಕೂಗಿದರೆ ಅಡುಗೆಮನೆಯಿಂದ ಆಚೆ ಬಂದು ನಿಲ್ಲುವವಳು, ಮೋಟಾರಿನ ಸ್ವಿಚ್ಚು ಒತ್ತಲು ಒಣಕಡ್ಡಿ ಹುಡುಕುವವಳು, ಎಮ್ಮೆ ತಲೆ ಕೊಡವಿದರೆ ಹಾಲಿನ ಚೊಂಬನ್ನೇ ಬಿಟ್ಟು ಓಡುವವಳು. ಅಂಥವಳು ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಕಾರು ಓಡಿಸುವುದನ್ನು ಕಲಿತಳು ಎಂದಾಗ ಊರಿನವರು ಮೊದಲು ನಕ್ಕರು, ಆಮೇಲೆ ರಸ್ತೆ ಬಿಟ್ಟು ಸರಿದು ನಿಂತರು.

ಕಲಿಯದೆ ಬೇರೆ ದಾರಿ ಇರಲಿಲ್ಲ. ಅವಳ ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಮಧುಗಿರಿಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ಊರಿನವರ ಬಾಯಲ್ಲಿ ಅದು 'ರಕ್ತ ತೊಳೆಸೋದು'. ಗಂಡ ದೊಡ್ಡರಂಗಪ್ಪನಿಗೆ ಪಾವಗಡದ ಕಡೆ, ಕ್ಯಾತಗಾನಚೆರ್ಲು ಹತ್ತಿರ ಸೋಲಾರ್ ಪ್ಲಾಂಟಿನಲ್ಲಿ ಸೆಕ್ಯುರಿಟಿ ಕೆಲಸ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಆ ಕೆಲಸಕ್ಕೆ ಸೇರುವ ಮುಂಚೆ ಅವನು ಬಾಡಿಗೆಗೆ ಓಡಿಸುತ್ತಿದ್ದ ಬಿಳಿ ಡೀಸೆಲ್ ಕಾರು ಅಂಗಳದಲ್ಲಿ ಕೋಳಿಗಳಿಗೆ ನೆರಳಾಗಿ ನಿಂತಿತ್ತು. ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಅತ್ತೆ ಎರಡು ಸಲ ಸೀಟಿನಿಂದ ಜಾರಿ ಬಿದ್ದರು. ಎರಡನೇ ಸಲ ಬಿದ್ದ ಸಂಜೆ ಕೊಲ್ಲಾಪುರಮ್ಮ ಗಂಡನಿಗೆ ಫೋನ್ ಮಾಡಿ, "ಈ ಸಲ ಬಂದಾಗ ನಂಗೆ ಗಾಡಿ ಕಲ್ಸ್ಬುಡು" ಎಂದಳು. ಮೊದಲ ಒಂದು ತಿಂಗಳು ಅವಳು ಕ್ಲಚ್ ತುಳಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಹಾಗೆಂದು ದೊಡ್ಡರಂಗಪ್ಪ ಇವತ್ತಿಗೂ ಹೇಳುತ್ತಾನೆ.

ಎರಡು ವರ್ಷ ಅತ್ತೆಯನ್ನು ಕರೆದೊಯ್ದಳು. ಅಷ್ಟರಲ್ಲಿ ಸುತ್ತಲಿನ ಇನ್ನೂ ಮೂವರು ಅದೇ ಕಾರಿಗೆ ಬಂದು ಸೇರಿದ್ದರು. ಮೊದಲನೆಯವರು ಗಂಗಹನುಮಯ್ಯ, ನಿವೃತ್ತ ಮೇಷ್ಟ್ರು. ಎರಡನೆಯವಳು ಹೂವಿನ ವ್ಯಾಪಾರದ ಅಶ್ವತ್ಥಮ್ಮ. ಮೂರನೆಯವಳು ಸಹನಾ, ಇಪ್ಪತ್ತಾರರ ಹುಡುಗಿ. ಟೈಲರಿಂಗ್ ಮಾಡುತ್ತಿದ್ದವಳು ಈಗ ಮಷೀನ್ ತುಳಿಯಲು ಶಕ್ತಿಯಿಲ್ಲದೆ ಕೈಹೊಲಿಗೆ ಮಾತ್ರ ಹಾಕುತ್ತಿದ್ದಳು. ಅತ್ತೆ ತೀರಿಕೊಂಡು ತಿಥಿ ಮುಗಿದ ಮರುದಿನ ಮಂಗಳವಾರ. ಬೆಳಗ್ಗೆ ಏಳಕ್ಕೆ ಕೊಲ್ಲಾಪುರಮ್ಮ ಅಂಗಳ ಗುಡಿಸಲು ಆಚೆ ಬಂದರೆ ಮೂವರೂ ಗೇಟಿನ ಹತ್ತಿರ ನಿಂತಿದ್ದರು. ಅವಳು ಪೊರಕೆ ಇಟ್ಟು, ಒಳಗೆ ಹೋಗಿ ಚಾವಿ ತಂದಳು.

ಹೀಗೆ ಮಂಗಳವಾರ, ಗುರುವಾರ, ಶನಿವಾರ. ಹೊರಡುವ ಮುಂಚೆ ಟೈರನ್ನು ಒದ್ದು ನೋಡುವಳು, ರೇಡಿಯೇಟರಿಗೆ ನೀರು ನೋಡುವಳು, ಎಂಜಿನ್ನಿನ ಪಕ್ಕದ ಗೇಜು ಕಡ್ಡಿ ಎಳೆದು, ಹಳೇ ಬನಿಯನ್ ಚೂರಿನಿಂದ ಒರೆಸಿ, ಮತ್ತೆ ಅದ್ದಿ, ಎಣ್ಣೆ ಎಲ್ಲಿಯವರೆಗೆ ಹತ್ತಿದೆ ಎಂದು ನೋಡುವಳು. ಗಂಡ ಕಲಿಸಿದ್ದು ತಿಂಗಳಿಗೊಮ್ಮೆ ನೋಡು ಅಂತ. ಇವಳು ಹೊರಟ ಪ್ರತಿದಿನವೂ ನೋಡುತ್ತಿದ್ದಳು. ರಸ್ತೆಯಲ್ಲಿ ಎಂಜಿನ್ ಸುಟ್ಟುಹೋದರೆ ಈ ಮೂವರನ್ನು ಇಟ್ಟುಕೊಂಡು ಏನು ಮಾಡಲಿ ಎಂಬ ಹೆದರಿಕೆ.

ಹೋದ ವರ್ಷ ಕಾರ್ತಿಕದ ಒಂದು ಬೆಳಿಗ್ಗೆ, ಆಸ್ಪತ್ರೆ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಸ್ಟೇರಿಂಗ್ ನಡುಗಿತು. ಅಂಗೈಗೆ ಇರುವೆ ಹತ್ತಿದ ಹಾಗೆ ಸಣ್ಣ ನಡುಕ. ಮೇಷ್ಟ್ರನ್ನು ಕೇಳಿದಳು. "ನನಗೇನೂ ಗೊತ್ತಾಗಲಿಲ್ಲವಲ್ಲಮ್ಮ" ಎಂದರು. ಗುರುವಾರ ನಡುಕ ಸೀಟಿಗೂ ಬಂದಿತ್ತು. ಅಶ್ವತ್ಥಮ್ಮ, "ಹಳೇ ಗಾಡಿ, ಹಳೇ ಮುದುಕಿ, ಎಲ್ಡೂ ಅಲ್ಲಾಡ್ತವೆ ಬುಡು" ಎಂದು ನಕ್ಕಳು.

ಊರಿನಲ್ಲಿ ಗಾಡಿ ರಿಪೇರಿ ಮಾಡುವವನು ಚಿಕ್ಕನರಸಯ್ಯ. ಟ್ರ್ಯಾಕ್ಟರ್, ಬೈಕು, ಪಂಪ್‌ಸೆಟ್ಟು, ಎಲ್ಲಕ್ಕೂ ಅವನೇ. ಅವನು ಬಾನೆಟ್ ಎತ್ತಿ, ಎಕ್ಸಲೇಟರ್ ಎರಡು ಸಲ ಒತ್ತಿ, ಸುತ್ತ ನಿಂತಿದ್ದವರ ಮುಂದೆ ಹೇಳಿದ:

"ನಡುಗ್ತಿರೋದು ಗಾಡಿ ಅಲ್ಲ ಕಣಮ್ಮ, ನಿನ್ ಕೈ."

ಎಲ್ಲರೂ ನಕ್ಕರು. ಕೊಲ್ಲಾಪುರಮ್ಮನೂ ನಕ್ಕಳು. ಆದರೆ ಮನೆಗೆ ಬಂದು ಒಬ್ಬಳೇ ಇದ್ದಾಗ ಅಂಗೈ ಮುಂದಕ್ಕೆ ಚಾಚಿ ನೋಡಿಕೊಂಡಳು. ಬೆರಳು ನಿಜವಾಗಿಯೂ ನಡುಗುತ್ತಿತ್ತು. ಮೊದಲಿಂದಲೂ ಹೀಗೇ ನಡುಗುತ್ತಿತ್ತೋ, ಈಗ ನೋಡುತ್ತಿರುವುದಕ್ಕೆ ನಡುಗುತ್ತಿದೆಯೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಹೆದರುತ್ತಲೇ ಬಂದವಳಿಗೆ ಒಂದು ತೊಂದರೆ ಇರುತ್ತದೆ. ಯಾವ ಹೆದರಿಕೆ ನಿಜ, ಯಾವುದು ಸುಳ್ಳು ಎಂದು ಬೇರೆ ಮಾಡಲಾಗುವುದಿಲ್ಲ. ಅವಳನ್ನು ಕಾಡಿದ್ದು ಇದೇ.

ಮರುದಿನ ಒಂದು ಸ್ಟೀಲ್ ಚೊಂಬಿಗೆ ಕಂಠದವರೆಗೆ ನೀರು ತುಂಬಿ ಬಾನೆಟ್ಟಿನ ಮೇಲೆ ಇಟ್ಟಳು. ನೀರು ಅಲ್ಲಾಡಲಿಲ್ಲ. ಎಂಜಿನ್ ಚಾಲೂ ಮಾಡಿ ಬಂದು ನೋಡಿದಳು. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದವು. ಅದು ಸರಿ, ಎಂಜಿನ್ ಅಂದ ಮೇಲೆ ಅಷ್ಟು ಇದ್ದೇ ಇರುತ್ತದೆ. ಆದರೆ ನೀರು ಒಂದು ಲೆಕ್ಕದಲ್ಲಿ ಅಲ್ಲಾಡುತ್ತಿರಲಿಲ್ಲ. ಒಂದು, ಎರಡು, ಮೂರು, ಆಮೇಲೆ ಒಂದು ಎಗರು. ಪ್ರತಿ ಎಗರಿಗೂ ಚೊಂಬಿನ ಅಂಚಿನಿಂದ ನೀರು ತುಳುಕಿ ಬಾನೆಟ್ಟಿನ ಮೇಲೆ ಹರಿಯಿತು. ಅಲ್ಲಿ ಅವಳ ಕೈ ಇರಲಿಲ್ಲ. ಹಾಗಾದರೆ ನಡುಗುತ್ತಿರುವುದು ಗಾಡಿಯೇ. ತನ್ನ ಮಾತು ನಿಜವಾಯಿತು ಎಂದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸುಳ್ಳು ಹೆದರಿಕೆಯಾಗಿದ್ದರೆ ಎಷ್ಟೋ ವಾಸಿಯಿತ್ತು.

ಚೊಂಬು ತೋರಿಸಿದ ಮೇಲೆ ಚಿಕ್ಕನರಸಯ್ಯ ಎಂಜಿನ್ ಕೂರುವ ರಬ್ಬರುಗಳನ್ನು ಬದಲಾಯಿಸಿದ. ಎರಡು ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನ ಮತ್ತೆ ಅದೇ ಎಗರು. ಅದರ ಜೊತೆಗೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಣ್ಣು ಉರಿಯುವಂಥ ಬಿಳಿ ಹೊಗೆ. ಅವಳ ಕಷ್ಟ ನೋಡಲಾರದೆ ಮೇಷ್ಟ್ರು ತಮ್ಮ ಹಳೇ ಪುಸ್ತಕದಿಂದ ಒಂದು ನಂಬರ್ ಹುಡುಕಿ ಕೊಟ್ಟರು. ಸಿರಾದ ಬಾಷಾ ಸಾಬ್. ಐವತ್ತು ವರ್ಷದಿಂದ ಡೀಸೆಲ್ ಎಂಜಿನ್ ಬಿಟ್ಟು ಬೇರೆ ಮುಟ್ಟಿದವರಲ್ಲ.

ಶುಕ್ರವಾರ ಸಂಜೆ ಫೋನ್ ಮಾಡಿದಳು. ಸಾಬರು ನಗಲಿಲ್ಲ. ಡಾಕ್ಟರು ಕೇಳಿದ ಹಾಗೆ ಒಂದೊಂದಾಗಿ ಕೇಳಿದರು.

"ನಿಂತಾಗ ಜಾಸ್ತಿನೋ, ಓಡುವಾಗ ಜಾಸ್ತಿನೋ?"

"ನಿಂತಾಗ, ಸಾಬ್ರೇ."

"ಇಳಿಜಾರಲ್ಲಿ ಗಾಡಿ ಹಂಗೇ ಓಡ್ತಾ ಇರಲಿ, ಕ್ಲಚ್ ಪೂರ್ತಿ ತುಳಿ. ಎಂಜಿನ್ ಸ್ಲೋಗೆ ಬರುತ್ತೆ, ಚಕ್ರ ಅದೇ ಸ್ಪೀಡಲ್ಲಿ ತಿರುಗುತ್ತೆ. ಆವಾಗ ಆ ಎಗರು ಬಂತು ಅಂದ್ರೆ ಎಂಜಿನ್ನಿಂದು. ಬರಲಿಲ್ಲ ಅಂದ್ರೆ ಟೈರಿಂದು, ಇಲ್ಲ ಕೆಳಗಡೆದು."

"ನಿನ್ನೇನೇ ಅಂಗಾಗಿತ್ತು. ಕ್ಲಚ್ ತುಳ್ದಾಗ್ಲೂ ಎಗರ್ತಿತ್ತು."

"ಹೊಗೆ?"

"ಬೆಳ್ಗೆ ಬೆಳ್ಳಗೆ ಬತ್ತೈತೆ. ಸೀಮೆಎಣ್ಣೆ ದೀಪ ಆರ್ಸಿದಂಗೆ ವಾಸ್ನೆ."

ಸಾಬರು, "ಒಂದು ಸಿಲಿಂಡರ್ ಸರಿಯಾಗಿ ಉರೀತಿಲ್ಲ ಬೇಟಿ. ಡೀಸೆಲ್ ಚಿಮ್ಮಿಸೋ ನಾಝಲ್ ಕೆಟ್ಟಿರಬೇಕು. ಭಾನುವಾರ ತಗೊಂಡು ಬಾ. ಬೆಳಗ್ಗೆ ಆಯಿಲ್ ನೋಡು. ಕಮ್ಮಿಯಾಗಿದೆಯಾ, ಜಾಸ್ತಿಯಾಗಿದೆಯಾ, ನನಗೆ ಹೇಳು" ಎಂದರು.

ಎಣ್ಣೆ ಜಾಸ್ತಿ ಹೇಗಾಗುತ್ತದೆ? ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು: ಗುರುವಾರ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆಗೆ ಮುಟ್ಟಿತ್ತು. ಅವಳು ಹಾಕಿರಲಿಲ್ಲ. ಇಳಿದಿಲ್ಲವಲ್ಲ ಎಂದು ಅವತ್ತು ನೆಮ್ಮದಿಯಿಂದ ಕಡ್ಡಿ ಒಳಗೆ ತಳ್ಳಿದ್ದಳು.

ಶನಿವಾರ ಬೆಳಗ್ಗೆ ಕಡ್ಡಿ ಎಳೆದಳು. ಎಣ್ಣೆ ಮೇಲಿನ ಗೆರೆ ದಾಟಿ ಒಂದು ಬೆರಳು ಏರಿತ್ತು. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಬೆರಳಲ್ಲಿ ತಿಕ್ಕಿದರೆ ಎಣ್ಣೆಯ ಜಿಗುಟೇ ಇಲ್ಲ, ನೀರು ನೀರು. ಸಾಬರಿಗೆ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಬೈಕಿನಲ್ಲಿ ಹೊರಟಿದ್ದ ಚಿಕ್ಕನರಸಯ್ಯನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಕಡ್ಡಿ ತೋರಿಸಿದಳು.

"ಎಲ್ರೂ ಎಣ್ಣೆ ಕಮ್ಮಿಯಾತು ಅಂತ ಅಳ್ತಾರೆ, ನೀನು ಜಾಸ್ತಿಯಾತು ಅಂತ ಅಳ್ತೀಯಲ್ಲಮ್ಮ!" ಎಂದ ಅವನು. "ನಡಿ ನಡಿ, ಏನೂ ಆಗಲ್ಲ."

ಗೇಟಿನ ಹತ್ತಿರ ಮೂವರೂ ನಿಂತಿದ್ದರು. ಸಹನಾಳ ಕಾಲು ಊದಿತ್ತು. ಒಂದು ಸರದಿ ತಪ್ಪಿದರೆ ಉಸಿರು ಕಟ್ಟುತ್ತದೆಂದು ಕೊಲ್ಲಾಪುರಮ್ಮನಿಗೆ ಗೊತ್ತು, ಅತ್ತೆಯಲ್ಲಿ ನೋಡಿದ್ದಳು. ಬೇಡ ಎಂದು ಮನಸ್ಸು ಕೂಗುತ್ತಿತ್ತು. ಆದರೆ ಮೂರು ವಾರದಿಂದ ನಗೆಪಾಟಲಾಗಿ ಅವಳಿಗೆ ತನ್ನ ಮನಸ್ಸಿನ ಮೇಲೇ ನಾಚಿಕೆ ಬಂದಿತ್ತು. ಹತ್ತಿಸಿಕೊಂಡು ಹೊರಟಳು.

ಹೋಗುವಾಗ ಏನೂ ಆಗಲಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಐದಾರು ತಾಸು ಕೂತಳು. ತಂದಿದ್ದ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಮೂವರೂ ಸುಸ್ತಾಗಿ ಹೊರಗೆ ಬಂದರು. ಅವರನ್ನು ಕೂರಿಸಿಕೊಂಡು ಮಧುಗಿರಿ ದಾಟಿ ಆರೇಳು ಕಿಲೋಮೀಟರ್ ಬಂದಿರಬೇಕು, ಫೋನ್ ಬಡಿಯಿತು. ಓಡಿಸುತ್ತಾ ಮಾತಾಡುವ ಧೈರ್ಯ ಅವಳಿಗೆ ಎಂದೂ ಇಲ್ಲ. ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎತ್ತಿದಳು.

"ಮದುವೆಗೆ ಹೋಗಿದ್ದೆ ಬೇಟಿ, ಫೋನು ಅಂಗಡೀಲೇ ಬಿಟ್ಟಿದ್ದೆ. ಆಯಿಲ್ ನೋಡಿದ್ಯಾ?"

"ಮೇಲಿನ ಗೆರೆ ದಾಟಿ ಒಂದ್ ಬೆಳ್ಳು ಏರೈತೆ ಸಾಬ್ರೇ. ಡೀಸೆಲ್ ವಾಸ್ನೆ."

ಸಾಬರ ದನಿ ಗಡುಸಾಯಿತು. "ಈಗ ಎಲ್ಲಿದ್ದೀಯ? ಗಾಡಿ ನಿಂತಿದೆಯಾ? ಹಾಗಿದ್ರೆ ಚಾವಿ ಮುಟ್ಟಬೇಡ. ಒಂದು ಫರ್ಲಾಂಗೂ ಬೇಡ. ಉರಿಯದೆ ಉಳಿದ ಡೀಸೆಲ್ ಕೆಳಗೆ ಸೋರಿ ಆಯಿಲ್ ಜೊತೆ ಸೇರಿಕೊಂಡಿದೆ. ಅದು ತುಂಬಿ ಗಾಳಿ ಎಳೆಯೋ ಮೇಲಿನ ಪೈಪಿಗೆ ಹತ್ತಿದ್ರೆ ಎಂಜಿನ್ ಅದನ್ನೇ ಕುಡಿಯೋಕೆ ಶುರು ಮಾಡುತ್ತೆ. ಆವಾಗ ನೀನು ಕಾಲು ತೆಗೆದ್ರೂ ರೇಸು ಇಳಿಯಲ್ಲ, ಚಾವಿ ಕಿತ್ತು ಕೈಲಿ ಹಿಡಿದ್ರೂ ನಿಲ್ಲಲ್ಲ. ಚೂರು ಚೂರಾಗಿ ಒಡೆಯೋವರೆಗೂ ಓಡುತ್ತೆ."

"ಅಂಗಾದ್ರೆ ಏನ್ ಮಾಡ್ಬೇಕು?"

"ಆಗೋದು ಬೇಡ, ಇಳಿದುಬಿಡಿ ಎಲ್ಲರೂ. ಅಕಸ್ಮಾತ್ ಆದ್ರೆ ಒಂದೇ ದಾರಿ. ಗಾಡಿ ನಿಲ್ಲಿಸಿ ಬ್ರೇಕು ಪೂರ್ತಿ ತುಳಿ, ಹ್ಯಾಂಡ್‌ಬ್ರೇಕ್ ಎಳಿ, ಟಾಪ್ ಗೇರ್ ಹಾಕು, ಕ್ಲಚ್ ಟಕ್ ಅಂತ ಬಿಟ್ಟುಬಿಡು. ಎಳೆಯೋಕಾಗದೆ ಉಸಿರು ಕಟ್ಟಿ ಸಾಯುತ್ತೆ."

ಎಲ್ಲರನ್ನೂ ಇಳಿಸಿ ಮರದ ಕೆಳಗೆ ಕೂರಿಸಿದಳು. ಊರಿನ ಆಟೋ ತಿಪ್ಪೇಶನಿಗೆ ಫೋನ್ ಮಾಡಿದರೆ, ಮುಕ್ಕಾಲು ಗಂಟೆ ಆಗುತ್ತದೆ, ಬರುತ್ತೇನೆ ಎಂದ. ಸರಿ, ಕಾಯೋಣ ಎಂದುಕೊಂಡರು. ಹತ್ತು ನಿಮಿಷ ಆಗಿರಲಿಲ್ಲ, ಸಹನಾ ಅಶ್ವತ್ಥಮ್ಮನ ಹೆಗಲಿಗೆ ವಾಲಿದಳು. ಹಣೆಯಲ್ಲಿ ಬೆವರು, ಕೈ ತಣ್ಣಗೆ. "ಅಕ್ಕಾ, ಕಣ್ಣು ಕತ್ಲೆ ಕತ್ಲೆ" ಎಂದಳು, ಆಮೇಲೆ ಮಾತು ತೊದಲಿತು. ಮೇಷ್ಟ್ರು ಆಂಬುಲೆನ್ಸಿಗೆ ಫೋನ್ ಮಾಡಿದರು. ಹತ್ತಿರದ ಗಾಡಿ ಬೇರೊಂದು ಕೇಸಿಗೆ ಹೋಗಿದೆ, ಇನ್ನೊಂದು ಅರ್ಧ ಗಂಟೆಯಲ್ಲಿ ತಲುಪುತ್ತದೆ ಎಂಬ ಉತ್ತರ ಬಂತು. ಕೊಲ್ಲಾಪುರಮ್ಮ ರಸ್ತೆಯ ಮಧ್ಯಕ್ಕೆ ಹೋಗಿ ಎರಡು ಬೈಕು, ಒಂದು ಲಾರಿಗೆ ಕೈ ಬೀಸಿದಳು. ಲಾರಿಯವನು ಹಾರ್ನ್ ಹೊಡೆದು ಹೋದ.

"ಬೀಪಿ ಇಳಿದಿದೆ," ಎಂದರು ಮೇಷ್ಟ್ರು. "ವಾಪಸ್ ಆಸ್ಪತ್ರೆಗೆ ಹೋದರೆ ಹತ್ತು ನಿಮಿಷ. ಆದರೆ ಸಾಬರು..."

ಕೊಲ್ಲಾಪುರಮ್ಮ ಬಿಳಿ ಕಾರನ್ನು ನೋಡಿದಳು, ಸಹನಾಳನ್ನು ನೋಡಿದಳು.

"ನಾನೂ ಅವ್ಳೂ ಇಬ್ರೇ ಓಗ್ತೀವಿ. ನೀವಿಬ್ರೂ ಇಲ್ಲೇ ಇರಿ."

"ನೀನು ಸ್ಟೇರಿಂಗ್ ಇಡ್ಕೊಂಡ್ರೆ ಇವ್ಳನ್ ಯಾರ್ ಇಡ್ಕೊಳಾದು? ನಾನೂ ಬತ್ತೀನಿ, ಸುಮ್ಕೆ ನಡಿ" ಎಂದಳು ಅಶ್ವತ್ಥಮ್ಮ. ಅವಳೂ ಆಗ ತಾನೇ ರಕ್ತ ತೊಳೆಸಿಕೊಂಡು ಬಂದವಳು. ಆದರೂ ಹುಡುಗಿಯನ್ನು ತಬ್ಬಿಕೊಂಡು ಹಿಂದಿನ ಸೀಟಿಗೆ ಸೇರಿದಳು. ಮೇಷ್ಟ್ರು ಮಾತ್ರ ಮರದ ಕೆಳಗೆ ಉಳಿದರು.

ಚಾವಿ ತಿರುಗಿಸಿದಳು. ಎಂಜಿನ್ ಎಂದಿನಂತೆ ಎಗರುತ್ತಾ ಹೊತ್ತಿಕೊಂಡಿತು. ಗಾಡಿ ತಿರುಗಿಸಿ, ಎರಡನೇ ಗೇರಿನಲ್ಲಿ, ಆಮೇಲೆ ಮೂರರಲ್ಲಿ ನಿಧಾನವಾಗಿ ನಡೆಸಿದಳು. ಎರಡು ಕಿಲೋಮೀಟರ್ ಸರಿಯಾಗಿಯೇ ಬಂತು. ಮುಂದೆ ಒಂದು ಏರು. ಏರು ಹತ್ತಲು ಎಕ್ಸಲೇಟರ್ ಸ್ವಲ್ಪ ಒತ್ತಿದಳು.

ಅಲ್ಲಿಯವರೆಗೆ ಇದ್ದ ಎಗರು ಒಮ್ಮೆಲೇ ನಿಂತುಹೋಯಿತು. ಎಂಜಿನ್ ನುಣ್ಣಗೆ ಓಡತೊಡಗಿತು. ಅರೆಗಳಿಗೆ ಅವಳಿಗೆ ಖುಷಿಯೇ ಆಯಿತು. ಆಮೇಲೆ ಸದ್ದು ಏರಿತು. ಅವಳು ಒತ್ತಿದ್ದಕ್ಕಿಂತ ಜಾಸ್ತಿ ಏರಿತು. ಕಾಲು ತೆಗೆದಳು. ಏರುತ್ತಲೇ ಇತ್ತು. ಏರಿನಲ್ಲಿ ಗಾಡಿ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದಕ್ಕೆ ನುಗ್ಗಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣದಷ್ಟು ನೀಲಿ-ಬಿಳಿ ಹೊಗೆ. ಚಾವಿ ತಿರುಗಿಸಿ ಕಿತ್ತಳು. ಚಾವಿ ಕೈಗೆ ಬಂತು. ಎಂಜಿನ್ ನಿಲ್ಲಲಿಲ್ಲ.

"ಏನ್ಲೇ ಕೊಲ್ಲಾಪುರಿ, ಏನಾತೇ ಇದಕ್ಕೆ?" ಎಂದು ಅಶ್ವತ್ಥಮ್ಮ ಕಿರುಚಿದಳು. ಕೊಲ್ಲಾಪುರಮ್ಮ ಕ್ಲಚ್ ತುಳಿದಳು. ಭಾರ ತಪ್ಪಿದ್ದೇ ತಡ, ಎಂಜಿನ್ ಕೂಗಿಕೊಂಡಿತು. ಅಂಥ ಸದ್ದನ್ನು ಅವಳು ಕೇಳಿಯೇ ಇರಲಿಲ್ಲ. ಹಂದಿ ಕೊಯ್ಯುವಾಗಿನ ಕೂಗು ಎಂದು ಆಮೇಲೆ ಹೇಳಿದಳು. ಡ್ಯಾಶ್‌ಬೋರ್ಡು, ಗಾಜು, ಹಲ್ಲು ಎಲ್ಲ ಒಟ್ಟಿಗೆ ಅದುರುತ್ತಿದ್ದವು. ಬಾಗಿಲು ತೆಗೆದು ನೆಗೆದು ಓಡಿಬಿಡಬೇಕು ಅನ್ನಿಸಿತು. ಕೈ ಬಾಗಿಲ ಹಿಡಿಯ ಮೇಲೆ ಹೋಗಿಯೂ ಇತ್ತು. ಎಮ್ಮೆ ತಲೆ ಕೊಡವಿದರೆ ಓಡಿದವಳು. ಆದರೆ ಹಿಂದೆ ಇದ್ದ ಇಬ್ಬರಿಗೂ ಓಡುವ ಶಕ್ತಿ ಇರಲಿಲ್ಲ. ಓಡಿದರೆ ತಾನೊಬ್ಬಳೇ ಓಡಬೇಕು.

ಬ್ರೇಕ್ ತುಳಿದಳು. ಗಾಡಿ ಏರಿನ ಅರ್ಧದಲ್ಲಿ ನಿಂತಿತು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದಳು. ಟಾಪ್ ಗೇರು ಹುಡುಕಿದಳು. ಕೈ ನಡುಗಿ ಮೂರಕ್ಕೆ ಬಿತ್ತು, ಮತ್ತೆ ತೆಗೆದು ಹಾಕಿದಳು. ಕಣ್ಣು ಮುಚ್ಚಿ, ಕ್ಲಚ್ಚಿನಿಂದ ಕಾಲನ್ನು ಒಮ್ಮೆಲೇ ಎತ್ತಿದಳು.

ಗಾಡಿ ಹಾವು ಕಚ್ಚಿದ ಹಸುವಿನ ಹಾಗೆ ಎಗರಿತು. ಒಂದು ಸಲ. ಇನ್ನೊಂದು ಸಲ. ಬೆಂದ ರಬ್ಬರಿನ ವಾಸನೆ ಬಂತು. ಆಮೇಲೆ ಎಲ್ಲ ನಿಂತುಹೋಯಿತು.

ಎಷ್ಟು ಹೊತ್ತು ಹಾಗೇ ಕೂತಿದ್ದಳೋ ಅವಳಿಗೆ ಗೊತ್ತಿಲ್ಲ. ಹೊಗೆ ಗಾಡಿಯೊಳಗೆ ಬರತೊಡಗಿದಾಗ ಎಚ್ಚೆತ್ತು, ಹಿಂದಿನ ಬಾಗಿಲು ತೆಗೆದು ಸಹನಾಳನ್ನು ಕಂಕುಳಿಗೆ ಕೈ ಹಾಕಿ ಹೊರಗೆಳೆದಳು. ಅಶ್ವತ್ಥಮ್ಮ ತಾನೇ ತೆವಳಿ ಇಳಿದಳು. ಹೊಗೆ ಕಂಡು ಮಧುಗಿರಿ ಕಡೆ ಹೊರಟಿದ್ದ ಹಾಲಿನ ವ್ಯಾನಿನವನು ನಿಲ್ಲಿಸಿದ. ಏನು, ಎತ್ತ ಎಂದು ಕೇಳದೆ ಸಹನಾಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಮಲಗಿಸಿದ. ಅಶ್ವತ್ಥಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ವ್ಯಾನು ಏರು ಹತ್ತಿ ಮರೆಯಾಯಿತು.

ಈಗ ಕಾರು, ಅವಳು, ಇಬ್ಬರೇ. ಚಾವಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಬಾನೆಟ್ಟಿನ ಒಳಗೆ ಕಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಪ್ರತಿ ಟಿಕ್ಕಿಗೂ ಮತ್ತೆ ಹೊತ್ತಿಕೊಂಡುಬಿಡುತ್ತದೇನೋ ಎಂದು ಅವಳು ಒಂದೊಂದು ಹೆಜ್ಜೆ ಹಿಂದೆ ಸರಿದಳು. ಹಾಗೆ ಸರಿದು ಸರಿದು ಜೋಳದ ಹೊಲದ ಬದುವಿನವರೆಗೆ ಬಂದು ಕೂತಳು.

ಮೇಷ್ಟ್ರು ಬಂದದ್ದು ತಿಪ್ಪೇಶನ ಆಟೋದಲ್ಲಿ. ಕಾರನ್ನೂ, ರಸ್ತೆಯ ಮೇಲಿನ ಕಪ್ಪು ಗುರುತುಗಳನ್ನೂ ನೋಡಿ ಅವರು ಬದುವಿನ ಮೇಲೆ ಅವಳ ಪಕ್ಕದಲ್ಲಿ ಕೂತರು. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದರು. ಸಹನಾಳಿಗೆ ಡ್ರಿಪ್ ಹಾಕಿದ್ದಾರೆ, ಕಣ್ಣು ಬಿಟ್ಟು ಮಾತಾಡಿದಳು ಎಂದು ಅಶ್ವತ್ಥಮ್ಮ ಹೇಳಿದಳು. ಆಮೇಲೆ ಮೇಷ್ಟ್ರು, "ಮೂರು ವಾರದಿಂದ ನೀನು ಹೇಳುತ್ತಲೇ ಇದ್ದೆಯಮ್ಮ. ನಾವು ಕೇಳಲಿಲ್ಲ" ಎಂದರು. ಆಗ ಅವಳಿಗೆ ಅಳು ಬಂತು.

ಸೋಮವಾರ ಗಂಡ ರಜಾ ಹಾಕಿ ಬಂದು, ಗಾಡಿಯನ್ನು ಗೂಡ್ಸ್ ವಾಹನಕ್ಕೆ ಹತ್ತಿಸಿ ಸಿರಾಕ್ಕೆ ಸಾಗಿಸಿದ. ಕೊಲ್ಲಾಪುರಮ್ಮನೂ ಹೋದಳು. ಬಾಷಾ ಸಾಬರು ಸಣ್ಣ ಆಳು, ಬಿಳಿ ಗಡ್ಡ, ಕೈಯ ಗೆರೆಗಳಲ್ಲೆಲ್ಲ ಕಪ್ಪು. ಗಾಡಿಯ ಕೆಳಗೆ ಮಲಗಿ ತಿರುಪು ಬಿಚ್ಚಿದರು. ಕರೀ ನೀರಿನಂಥ ಎಣ್ಣೆ ಬುಳಬುಳನೆ ಸುರಿದು ಟಬ್ಬು ತುಂಬಿತು, ಇನ್ನೊಂದು ಟಬ್ಬು ಬೇಕಾಯಿತು. ಹೊಸ ಎಣ್ಣೆ ಅಳತೆಗೆ ಸರಿಯಾಗಿ ಹಾಕಿ, ಗಾಳಿ ಎಳೆಯುವ ಹೋಸನ್ನು ಬಿಚ್ಚಿ, ಅದರ ಬಾಯಿಗೆ ಮುಚ್ಚುವಷ್ಟು ಅಗಲದ ಒಂದು ಹಲಗೆ ಹಿಡಿದು ನಿಂತರು.

"ಈಗ ಸ್ಟಾರ್ಟ್ ಮಾಡು."

ಅವಳು ಗಂಡನ ಕಡೆ ನೋಡಿದಳು. ದೊಡ್ಡರಂಗಪ್ಪ ಸೀಟಿಗೆ ಹೋಗಲು ಮುಂದಾದ.

"ಅವರು ಬೇಡ," ಎಂದರು ಸಾಬರು. "ಇನ್ನು ಮುಂದೆ ಓಡಿಸೋಳು ನೀನು. ಇವತ್ತು ಕೂರಲಿಲ್ಲ ಅಂದ್ರೆ ಇನ್ನು ಕೂರಲ್ಲ."

"ಆಗಲ್ಲ ಸಾಬ್ರೇ. ಮತ್ತೆ ಅಂಗೇ ಆದ್ರೆ?"

"ಆದ್ರೆ ಗಾಳಿ ಮುಚ್ಚುತೀನಿ. ಗಾಳಿ ಇಲ್ಲದೆ ಯಾವ ಎಂಜಿನ್ನೂ ಬದುಕಲ್ಲ. ಅದಕ್ಕೇ ಹಲಗೆ." ಹಲಗೆಯನ್ನು ಎತ್ತಿ ತೋರಿಸಿ ಹೇಳಿದರು: "ನನ್ನ ಜೊತೆ ಇಜಾಜ್ ಅಂತ ಕೆಲಸ ಮಾಡ್ತಿದ್ದ. ಹಿಂಗೇ ಒಂದು ಲಾರಿ ರೇಸ್ ಎತ್ತಿಕೊಂಡಾಗ ಹಲಗೆ ಹುಡುಕೋಕೆ ಹೋಗದೆ ಬರೀ ಅಂಗೈ ಇಟ್ಟುಬಿಟ್ಟ. ಎಂಜಿನ್ ನಿಂತಿತು. ಅವನ ಬಲಗೈ ಆಮೇಲೆ ಕೆಲಸಕ್ಕೆ ಬರಲಿಲ್ಲ. ನಲವತ್ತು ವರ್ಷ ಆಯ್ತು. ಇವತ್ತಿಗೂ ಕೆಟ್ಟ ಗಾಡಿ ಸ್ಟಾರ್ಟ್ ಮಾಡಿಸುವಾಗ ನನ್ನ ಕಾಲು ನಿಲ್ಲಲ್ಲ ಬೇಟಿ, ನೋಡು."

ಅವಳು ನೋಡಿದಳು. ಪೈಜಾಮದ ಕೆಳಗೆ ಸಾಬರ ಕಾಲು ನಿಜಕ್ಕೂ ನಡುಗುತ್ತಿತ್ತು. ಅದನ್ನು ನೋಡಿ ಹೆದರಿಕೆ ಕಮ್ಮಿಯಾಯಿತೆಂದು ಅವಳು ಹೇಳುವುದಿಲ್ಲ. ಜಾಸ್ತಿಯೇ ಆಯಿತಂತೆ. ಆದರೆ ಹೋಗಿ ಕೂತಳು.

ಎಂಜಿನ್ ಎಗರುತ್ತಾ ಹೊತ್ತಿಕೊಂಡಿತು. ರೇಸ್ ಏರಲಿಲ್ಲ. ಸಾಬರು ಹಲಗೆಯನ್ನು ದೊಡ್ಡರಂಗಪ್ಪನ ಕೈಗೆ ಕೊಟ್ಟು, ಒಂದು ಸ್ಪ್ಯಾನರ್ ತೆಗೆದುಕೊಂಡು, ಕೊಲ್ಲಾಪುರಮ್ಮನನ್ನು ಇಳಿಸಿ ಪಕ್ಕಕ್ಕೆ ಕರೆದರು. ನಾಲ್ಕು ಸಿಲಿಂಡರಿಗೂ ಡೀಸೆಲ್ ಒಯ್ಯುವ ನಾಲ್ಕು ಸಣ್ಣ ಕಬ್ಬಿಣದ ಪೈಪು. ಮೊದಲನೆಯದರ ನಟ್ಟನ್ನು ಒಂದು ಸುತ್ತು ಸಡಿಲಿಸಿದರು. ಡೀಸೆಲ್ ಹೊರಗೆ ಚಿಮ್ಮಿತು, ಎಂಜಿನ್ ತಡವರಿಸಿ ಇನ್ನೇನು ನಿಲ್ಲುವಂತಾಯಿತು. "ಇವನು ದುಡೀತಿದ್ದಾನೆ, ಅದಕ್ಕೇ ಅನ್ನ ಕಿತ್ತುಕೊಂಡ್ರೆ ಗೊತ್ತಾಗುತ್ತೆ" ಎಂದು ಬಿಗಿ ಮಾಡಿದರು. ಎರಡನೆಯದು, ಹಾಗೆಯೇ. ಮೂರನೆಯದನ್ನು ಸಡಿಲಿಸಿದರು. ಡೀಸೆಲ್ ಚಿಮ್ಮಿತು. ಎಂಜಿನ್ನಿನ ಸದ್ದು ಮಾತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆ ಮೊದಲು ಹೇಗೆ ಎಗರುತ್ತಿತ್ತೋ ಹಾಗೇ ಎಗರುತ್ತಿತ್ತು.

"ಇವ್ನೇ" ಎಂದಳು ಕೊಲ್ಲಾಪುರಮ್ಮ, ಸಾಬರು ಹೇಳುವ ಮೊದಲೇ.

"ಹೌದು, ಇವನೇ. ತಿನ್ನುತ್ತಾ ಇದ್ದ, ದುಡೀತಿರಲಿಲ್ಲ. ತಿಂದಿದ್ದೆಲ್ಲ ಕೆಳಗೆ ಸೋರಿಸ್ತಿದ್ದ."

ನಾಲ್ಕೂ ನಾಝಲ್ ಬಿಚ್ಚಿ ಕೈಪಂಪಿಗೆ ಹಾಕಿ ತೋರಿಸಿದರು. ಮೂರು ಬೆಳಗಿನ ಇಬ್ಬನಿಯ ಹಾಗೆ ಡೀಸೆಲ್ ಉದುರಿಸಿ ಟಪ್ಪನೆ ಮುಚ್ಚಿಕೊಂಡವು. ಮೂರನೆಯ ಸಿಲಿಂಡರಿನದು ಮುಚ್ಚಿಕೊಳ್ಳದೆ, ನೆಗಡಿಯಾದ ಮಗುವಿನ ಮೂಗಿನಂತೆ ಸೋರುತ್ತಲೇ ಇತ್ತು. ಅದನ್ನು ಬದಲಾಯಿಸಿ ಹೊಸದು ಹಾಕಿದರು. ಮತ್ತೆ ಸ್ಟಾರ್ಟ್ ಮಾಡಿದಾಗ ಎಗರು ಹೋಗಿತ್ತು. ಬೇರೆ ಪೆಟ್ಟು ಏನಾದರೂ ಬಿದ್ದಿದೆಯೇ ಎಂದು ಇಡೀ ಮಧ್ಯಾಹ್ನ ಸದ್ದು ಕೇಳಿ, ಹೊಗೆ ನೋಡಿ, ಸಂಜೆಗೆ "ನಿನ್ನ ಅದೃಷ್ಟ, ಬೇಗ ಕೊಂದೆ" ಎಂದು ಚಾವಿ ಕೊಟ್ಟರು.

ಸಿರಾದಿಂದ ಮನೆಗೆ ಗಂಡನೇ ಓಡಿಸಿದ. ಅವಳು ಪಕ್ಕದಲ್ಲಿ ಕೂತು, ಬಡವನಹಳ್ಳಿ ಹತ್ತಿರ ಒಮ್ಮೆ, ಮಧುಗಿರಿ ದಾಟಿದ ಮೇಲೆ ಒಮ್ಮೆ ಗಾಡಿ ನಿಲ್ಲಿಸಿ ಹೊಗೆ ನೋಡಿದಳು. ಇಷ್ಟು ನುಣ್ಣಗೆ ಓಡುವುದೇ ಅವಳಿಗೆ ಭಯವಾಗಿತ್ತು. ಅವತ್ತು ಆ ಏರಿನಲ್ಲೂ ಹೀಗೇ ನುಣ್ಣಗಾಗಿ ಆಮೇಲೆ ಕೂಗಿಕೊಂಡಿತ್ತಲ್ಲ.

ಮಂಗಳವಾರ ಅವಳಿಗೆ ಧೈರ್ಯ ಸಾಲದೆ ತಿಪ್ಪೇಶನ ಆಟೋ ಹೋಯಿತು. ಗುರುವಾರ ಬೆಳಗ್ಗೆ ಗೇಟಿನ ಹತ್ತಿರ ಮೂ‍ವರೂ ಬಂದರು. ಸಹನಾ ಈ ಸಲ ಮುಂದಿನ ಸೀಟಿನಲ್ಲಿ ಕೂತಳು. ಚಿಕ್ಕನರಸಯ್ಯ ಬೈಕು ನಿಲ್ಲಿಸಿ, ಸ್ವಲ್ಪ ದೂರದಲ್ಲೇ ನಿಂತು ನೋಡುತ್ತಿದ್ದ.

ಹೋಗುವಾಗ ಎದುರಿಗೆ ಅದೇ ಏರು. ಡಾಂಬರಿನ ಮೇಲೆ ಅವಳ ಟೈರಿನ ಕಪ್ಪು ಗುರುತು ಇನ್ನೂ ಅಳಿಸಿರಲಿಲ್ಲ. ಅದರ ಬುಡದಲ್ಲಿ ಅವಳ ಬಲಗಾಲು ಎಕ್ಸಲೇಟರ್ ಮೇಲೆ ಒತ್ತಲೇ ಒಪ್ಪಲಿಲ್ಲ. ಗಾಡಿ ನಿಧಾನವಾಗುತ್ತಾ ಬಂತು. ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವಳು ಪಕ್ಕಕ್ಕೆ ತೆಗೆದು ಬಸ್ಸಿಗೆ ದಾರಿ ಬಿಟ್ಟಳು, ಸೆರಗಿನಿಂದ ಅಂಗೈ ಒರೆಸಿಕೊಂಡಳು, ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದಳು. ಎಂಜಿನ್ ಅವಳು ಒತ್ತಿದಷ್ಟೇ ಏರಿತು. ಕಾಲು ತೆಗೆದು ನೋಡಿದಳು, ಇಳಿಯಿತು. ಮತ್ತೆ ಒತ್ತಿದಳು. ಹಾಗೆ ಒತ್ತಿ, ತೆಗೆದು, ಒತ್ತಿ, ತೆಗೆದು, ಆಮೆಯ ಹಾಗೆ ಆ ಏರನ್ನು ಹತ್ತಿ ಮುಗಿಸುವಷ್ಟರಲ್ಲಿ ಅವಳ ರವಿಕೆಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಅಲ್ಲಿಂದ ಆಸ್ಪತ್ರೆಗೆ ನಾಲ್ಕು ಕಿಲೋಮೀಟರ್. ಅಷ್ಟು ದೂರವೂ ಸಹನಾ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡೇ ಕೂತಿದ್ದಳು.